ಬೇಡದ ಬಣ್ಣ

ಕಾರಿನ ಕಪ್ಪು ಪ್ಲಾಸ್ಟಿಕ್ಕಿಗೆ ಬೇಡದ ಬಣ್ಣ ಮೂರು ದಾರಿಯಿಂದ ಬರುತ್ತದೆ. ಒಂದು, ಗಾಳಿಯ ದಾರಿ. ದೀಪಾವಳಿ ಹತ್ತಿರವಾಯಿತೆಂದು ಗೇಟಿಗೆ ಬಣ್ಣ ಹೊಡೆಸುವ ಮನೆಗಳಲ್ಲಿ ಬೆಳ್ಳಿಯೋ ಕಂದೋ ಎಂಬ ಚರ್ಚೆ ವಾರಗಟ್ಟಲೆ ನಡೆದಿರುತ್ತದೆ. ಗಾಳಿ ಬೀಸುವ ಕಡೆಗೇ ಕಾರು ನಿಂತಿದೆ ಎಂಬುದು ಮಾತ್ರ ಯಾರ ಗಮನಕ್ಕೂ ಬಂದಿರುವುದಿಲ್ಲ. ಮಾರನೆಯ ದಿನ ಬಂಪರಿನ ಮೇಲೆ ಕೈಯಾಡಿಸಿದಾಗ ತರಿತರಿಯಾಗಿ ಸಿಗುವುದೇ ಆ ಚರ್ಚೆಯ ಫಲ. ಎರಡು, ತಾಗುವ ದಾರಿ. ಅಪಾರ್ಟ್‌ಮೆಂಟಿನ ನೆಲಮಾಳಿಗೆಯ ಕಂಬಗಳಿಗೆ ಹಳದಿ-ಕಪ್ಪು ಪಟ್ಟೆ ಬಳಿದಿರುವುದು ಕಾರು ತಾಗದಿರಲಿ ಎಂದು. ತಾಗಿದ ಕಾರುಗಳು ಆ ಹಳದಿಯಲ್ಲಿ ಒಂದಿಷ್ಟನ್ನು ಬಂಪರಿನ ಮೂಲೆಗೆ ಹಚ್ಚಿಕೊಂಡೇ ಓಡಾಡುತ್ತವೆ. ಯಾರು ಯಾವ ಕಂಬದ ಪಕ್ಕ ನಿಲ್ಲಿಸುತ್ತಾರೆಂದು ವಾಚ್‌ಮನ್ನಿಗೆ ಕೇಳದೆಯೇ ತಿಳಿದಿರುತ್ತದೆ.

ಮೂರನೆಯದು ಆಸೆಯ ದಾರಿ. ಕಡಿಮೆ ಬೆಲೆಯ ಮಾದರಿಗಳಲ್ಲಿ ಬಂಪರು, ಕನ್ನಡಿಯ ಕವರು, ಬಾಗಿಲ ಹಿಡಿಕೆ ಎಲ್ಲವೂ ಬಣ್ಣವಿಲ್ಲದೆ ಕಪ್ಪಗೇ ಬರುತ್ತವೆ. ಕೊಂಡದ್ದು ಯಾವ ಮಾದರಿ ಎಂದು ನೆಂಟರಿಗೆ ಗೊತ್ತಾಗದಿರಲಿ ಎಂದು ಅದಕ್ಕೆಲ್ಲ ಬಾಡಿ ಕಲರ್ ಹೊಡೆಸುವುದುಂಟು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಆ ಬಣ್ಣ ಚಕ್ಕೆ ಏಳತೊಡಗಿ, ಮುಚ್ಚಿಟ್ಟ ಸಂಗತಿ ಮೊದಲಿಗಿಂತ ಚೆನ್ನಾಗಿ ಕಾಣಿಸುತ್ತದೆ. ಆಗ ಯಜಮಾನರಿಗೆ ಕಪ್ಪಿನಲ್ಲೇ ಒಂದು ಗಾಂಭೀರ್ಯವಿತ್ತು ಎನ್ನಿಸಲು ಶುರುವಾಗುತ್ತದೆ.

ಬಣ್ಣ ತೆಗೆಯುವುದು ಕಷ್ಟವೇನಲ್ಲ, ಬಣ್ಣವನ್ನಷ್ಟೇ ತೆಗೆಯುವುದು ಕಷ್ಟ. ಕಾರಿಗೆ ಹೊಡೆಯುವ ಬಣ್ಣವೆಂದರೆ ರಾಳದಲ್ಲಿ ಕಲೆಸಿದ ಬಣ್ಣದ ಪುಡಿ. ಒಣಗಿದ ಮೇಲೆ ಅದೂ ಒಂದು ತೆಳುವಾದ ಪ್ಲಾಸ್ಟಿಕ್ ಹಾಳೆಯೇ. ಮೇಲಿರುವುದು ಪ್ಲಾಸ್ಟಿಕ್ಕು, ಕೆಳಗಿರುವುದೂ ಪ್ಲಾಸ್ಟಿಕ್ಕು. ಬಾಟಲಿಯಲ್ಲಿರುವ ದ್ರವಕ್ಕೆ ಇವೆರಡರಲ್ಲಿ ಯಾವುದು ಬೇಕಾದದ್ದು, ಯಾವುದು ಬೇಡದ್ದು ಎಂಬ ವಿವೇಕವಿಲ್ಲ. ಆ ವಿವೇಕವನ್ನು ಕೈಯಲ್ಲಿ ಬಟ್ಟೆ ಹಿಡಿದವರೇ ಒದಗಿಸಬೇಕು.

ಅಂಬಾಸಡರ್ ಕಾರಿನ ಕಾಲದಲ್ಲಿ ಈ ತಾಪತ್ರಯವಿರಲಿಲ್ಲ. ಅದರ ಬಂಪರು ಉಕ್ಕಿನದು, ಮೇಲೆ ಕ್ರೋಮಿನ ಲೇಪ. ಬಣ್ಣ ಬಿದ್ದರೆ ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆ, ಅದಕ್ಕೂ ಜಗ್ಗದಿದ್ದರೆ ಬ್ಲೇಡು, ಬ್ಲೇಡೂ ಇಲ್ಲದಿದ್ದರೆ ಚಾಲಕನ ಉಗುರು. ಮದುವೆ ಛತ್ರದ ಮುಂದೆ ನಿಂತ ಟ್ಯಾಕ್ಸಿಗಳ ಬಂಪರಿನ ಮೇಲೆ ಒಂದು ಕಾಲಿಟ್ಟು, ಊಟದ ಎರಡನೇ ಪಂಕ್ತಿಗಾಗಿ ಕಾಯುತ್ತಿದ್ದ ಚಾಲಕರು ಬೇಸರ ಕಳೆಯಲು ಅದನ್ನೇ ಕೆರೆಯುತ್ತ ನಿಲ್ಲುತ್ತಿದ್ದರು. ಬಂಪರಿಗೆ ಏನೂ ಆಗುತ್ತಿರಲಿಲ್ಲ. ಯುರೋಪಿನಲ್ಲಿ 1972ರಲ್ಲಿ ಬಂದ ರೆನೋ 5 ಕಾರು ಪ್ಲಾಸ್ಟಿಕ್ ಬಂಪರು ತೊಟ್ಟು ಬಂದಿತು. ಹಗುರ, ಅಗ್ಗ, ತುಕ್ಕಿಲ್ಲ, ಸಣ್ಣ ಗುದ್ದಿಗೆ ಬಾಗಿ ಮತ್ತೆ ನೆಟ್ಟಗಾಗುತ್ತದೆ. ಇಷ್ಟು ಗುಣಗಳ ಮುಂದೆ ಕ್ರೋಮು ಸೋತಿತು. ಬ್ಲೇಡಿಗೂ ಉಗುರಿಗೂ ಅಂದಿನಿಂದ ಕಾರಿನ ಮೈಮೇಲೆ ಅಧಿಕಾರ ಹೋಯಿತು.

ಆದ್ದರಿಂದ ಮೊದಲ ಕೆಲಸ, ಎದುರಿಗಿರುವುದು ಯಾವ ಪ್ಲಾಸ್ಟಿಕ್ಕು ಎಂದು ತಿಳಿಯುವುದು. ಅದರ ಜಾತಕ ಅದರ ಬೆನ್ನಲ್ಲೇ ಇರುತ್ತದೆ. ತುಂಡನ್ನು ಬಿಚ್ಚಿ ತಿರುಗಿಸಿದರೆ ಒಳಬದಿಯಲ್ಲಿ ಎರಡು ಬಾಣದ ಗುರುತುಗಳ ನಡುವೆ ಕೆಲವು ಅಕ್ಷರಗಳು ಅಚ್ಚಾಗಿರುತ್ತವೆ. ‘ಪಿಪಿ’ ಎಂದಿದ್ದರೆ ಪಾಲಿಪ್ರೊಪಿಲೀನ್. ಅದರ ಮುಂದೆ ‘ಟಿಡಿ20’ ಎಂದಿದ್ದರೆ ಅದರಲ್ಲಿ ನೂರಕ್ಕೆ ಇಪ್ಪತ್ತು ಪಾಲು ಟಾಲ್ಕ್, ಅಂದರೆ ಮಕ್ಕಳ ಪೌಡರಿಗೆ ಬಳಸುತ್ತಿದ್ದ ಅದೇ ಖನಿಜ, ಬೆರೆತಿದೆ ಎಂದರ್ಥ. ಬಂಪರು, ಚಕ್ರದ ಮೇಲಿನ ಕಮಾನು, ಬಾಗಿಲ ಕೆಳಗಿನ ಒರಟು ಪಟ್ಟಿ ಬಹುಮಟ್ಟಿಗೆ ಈ ಕುಲದವು. ‘ಎಬಿಎಸ್’ ಎಂದಿದ್ದರೆ ಗ್ರಿಲ್ಲು, ಕನ್ನಡಿಯ ಕವರು, ಒಳಗಿನ ನಯವಾದ ಪಟ್ಟಿಗಳು. ‘ಪಿಸಿ’ ಎಂದರೆ ಪಾಲಿಕಾರ್ಬೊನೇಟ್, ಮುಂದೀಪದ ಪಾರದರ್ಶಕ ಮುಖ. ಹಿಂದಿನ ಕೆಂಪು ದೀಪ ಸಾಮಾನ್ಯವಾಗಿ ಅಕ್ರಿಲಿಕ್. ಒಂದೇ ಕಾರಿನ ಒಂದೇ ಮೂಲೆಯಲ್ಲಿ ಇಷ್ಟು ಜಾತಿಗಳು ಅಕ್ಕಪಕ್ಕ ಬಾಳುತ್ತವೆ, ಒಬ್ಬರಿಗೆ ಹಿತವಾದದ್ದು ಇನ್ನೊಬ್ಬರಿಗೆ ಆಗುವುದಿಲ್ಲ.

ಇವುಗಳಲ್ಲಿ ಪಾಲಿಪ್ರೊಪಿಲೀನಿನ ಸ್ವಭಾವವೇ ಬೇರೆ. ಇಟಲಿಯ ಜೂಲಿಯೋ ನತ್ತಾ ಅವರ ಪ್ರಯೋಗಶಾಲೆಯಲ್ಲಿ 1954ರಲ್ಲಿ ಕ್ರಮಬದ್ಧ ರಚನೆಯ ಪಾಲಿಪ್ರೊಪಿಲೀನ್ ಸಿದ್ಧವಾಯಿತು. ಅವರಿಗೂ ಜರ್ಮನಿಯ ಕಾರ್ಲ್ ಝೀಗ್ಲರ್ ಅವರಿಗೂ 1963ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂದದ್ದು ಈ ಬಗೆಯ ಪ್ಲಾಸ್ಟಿಕ್ಕುಗಳ ಕೆಲಸಕ್ಕೇ. ಅದರ ಮೈಗೆ ಯಾವುದೂ ಸುಲಭವಾಗಿ ಅಂಟುವುದಿಲ್ಲ. ಮೇಲ್ಮೈ ಶಕ್ತಿ ಮೀಟರಿಗೆ ಸುಮಾರು 30 ಮಿಲಿನ್ಯೂಟನ್ನಿನಷ್ಟು ಮಾತ್ರ, ನೀರಿನ ಮೇಲ್ಮೈ ಎಳೆತ 72ರಷ್ಟು. ಕೆಸುವಿನೆಲೆಯ ಮೇಲೆ ನೀರು ನಿಂತಂತೆ ಬಣ್ಣ ಅದರ ಮೇಲೆ ನಿಲ್ಲುತ್ತದೆ, ಹಿಡಿಯುವುದಿಲ್ಲ. ಅದಕ್ಕೇ ಕಾರ್ಖಾನೆಗಳಲ್ಲಿ ಬಂಪರಿಗೆ ಬಣ್ಣ ಕೊಡುವ ಮೊದಲು ಅದರ ಮೈಮೇಲೆ ಜ್ವಾಲೆ ಆಡಿಸುತ್ತಾರೆ, ಇಲ್ಲವೇ ಬಣ್ಣ ಕಚ್ಚಿಕೊಳ್ಳಲೆಂದೇ ಇರುವ ಕ್ಲೋರಿನ್‌ಯುಕ್ತ ಪ್ರೈಮರು ಬಳಿಯುತ್ತಾರೆ. ಊರ ಶೆಡ್ಡಿನಲ್ಲಿ ಸಂಜೆಯೊಳಗೆ ಕಾರು ಕೊಡಬೇಕಾದ ಪೇಂಟರು ಆ ಹಂತವನ್ನು ಹಾರಿಸಿಬಿಡುತ್ತಾನೆ. ಬಣ್ಣ ಹೊಡೆಸಿದಾಗ ನಷ್ಟವೆನಿಸುವ ಈ ಕಳ್ಳಬೀಳುವಿಕೆ, ಬಣ್ಣ ಬಿಡಿಸುವ ದಿನ ಉಪಕಾರವಾಗಿ ಒದಗುತ್ತದೆ.

ಎರಡನೆಯ ಕೆಲಸ, ಬಿದ್ದಿರುವುದು ಯಾವ ಬಣ್ಣ ಎಂದು ತಿಳಿಯುವುದು. ಸುಣ್ಣವಾದರೆ ವಿನಿಗರ್ ಸಾಕು. ಗಾಳಿಗೆ ಒಣಗಿ ಸುಣ್ಣದಕಲ್ಲಾಗಿರುವುದು ಅದರ ಹುಳಿಗೆ ಕರಗುತ್ತದೆ, ಪ್ಲಾಸ್ಟಿಕ್ಕಿಗೆ ಅದರ ಪರಿವೆಯೇ ಇಲ್ಲ. ಗೋಡೆಯ ಎಮಲ್ಷನ್ ಹಸಿಯಿದ್ದಾಗ ನೀರಿಗೆ ಹೋಗುತ್ತದೆ, ಒಣಗಿದ ಮೇಲೆ ಸ್ಪಿರಿಟ್ಟಿಗೆ ಮೆತ್ತಗಾಗುತ್ತದೆ. 2020ರ ನಂತರ ಎಲ್ಲರ ಕಾರಿನೊಳಗೂ ಒಂದು ಸ್ಯಾನಿಟೈಸರ್ ಬಾಟಲಿ ಬಂದು ಕೂತಿತು. ಅದರಲ್ಲಿರುವುದು ಬಹುಪಾಲು ಆಲ್ಕೊಹಾಲೇ ಆದ್ದರಿಂದ, ಕೈ ತೊಳೆಯುವ ಭಯ ಕಳೆದ ಮೇಲೆ ಅದು ಬಂಪರಿನ ಮೇಲಿನ ಗೋಡೆಬಣ್ಣದ ಹನಿಗಳನ್ನು ಒರೆಸುವ ಕೆಲಸಕ್ಕೆ ಬಡ್ತಿ ಪಡೆಯಿತು. ಗೇಟಿಗೆ ಹೊಡೆಯುವ ಎಣ್ಣೆಬಣ್ಣ, ಅಂದರೆ ಎನಾಮಲ್, ಗಾಳಿಯ ಆಮ್ಲಜನಕ ಹೀರಿಕೊಂಡು ನಿಧಾನವಾಗಿ ಗಟ್ಟಿಯಾಗುವಂಥದು. ಮೊದಲ ದಿನ ಟರ್ಪೆಂಟೈನಿಗೋ ಸೀಮೆಎಣ್ಣೆಗೋ ಸಲೀಸಾಗಿ ಬಿಡುತ್ತದೆ, ತಿಂಗಳು ಕಳೆದರೆ ಅವೆರಡನ್ನೂ ಲೆಕ್ಕಕ್ಕಿಡುವುದಿಲ್ಲ.

ಕಾರಿನದೇ ಬಣ್ಣವಾದರೆ ಅದರಲ್ಲಿ ಎರಡು ಪಂಗಡ. ಅಮೆರಿಕದಲ್ಲಿ 1920ರ ದಶಕದಲ್ಲಿ ಡ್ಯೂಪಾಂಟ್ ಕಂಪನಿ ‘ಡ್ಯೂಕೊ’ ಎಂಬ ನೈಟ್ರೊಸೆಲ್ಯುಲೋಸ್ ಬಣ್ಣ ತಂದಿತು. ಅಲ್ಲಿಯವರೆಗೆ ಒಂದು ಕಾರಿನ ಬಣ್ಣ ಒಣಗಲು ವಾರಗಳೇ ಬೇಕಾಗುತ್ತಿದ್ದವು. ಡ್ಯೂಕೊ ದ್ರಾವಕ ಆವಿಯಾದೊಡನೆ ಒಣಗುತ್ತದೆ, ಅದೇ ದ್ರಾವಕ ಮತ್ತೆ ತಾಗಿದರೆ ಮತ್ತೆ ಕರಗುತ್ತದೆ. ಅಂಗಡಿಯಲ್ಲಿ ಸಿಗುವ ಸ್ಪ್ರೇ ಡಬ್ಬಿಯ ಬಣ್ಣಗಳಲ್ಲಿ ಬಹಳಷ್ಟು ಇದೇ ನಡತೆಯವು. ಇನ್ನೊಂದು ಪಂಗಡ ಪಾಲಿಯುರೆಥೇನಿನದು. ಜರ್ಮನಿಯ ಲೆವರ್‌ಕುಸೆನ್‌ನಲ್ಲಿ 1937ರಲ್ಲಿ ಓಟೊ ಬೇಯರ್ ಮತ್ತು ಸಂಗಡಿಗರು ಕಂಡುಹಿಡಿದ ರಸಾಯನ ಇದರ ಮೂಲ. ಪೇಂಟರು ಗನ್ನಿಗೆ ತುಂಬುವ ಮುನ್ನ ಹಾರ್ಡನರ್ ಬೆರೆಸುತ್ತಾನಲ್ಲ, ಆ ಬಣ್ಣ. ಬೆರೆತ ಎರಡೂ ಒಂದಕ್ಕೊಂದು ಹೆಣೆದುಕೊಂಡ ಮೇಲೆ ಯಾವ ಥಿನ್ನರಿಗೂ ಕರಗುವುದಿಲ್ಲ, ಹೆಚ್ಚೆಂದರೆ ಉಬ್ಬುತ್ತದೆ. ಕಣ್ಣಿಗೆ ಕಾಣದ ಮೂಲೆಯಲ್ಲಿ ಥಿನ್ನರ್ ಅದ್ದಿದ ಬಿಳಿ ಬಟ್ಟೆಯನ್ನು ಒಮ್ಮೆ ಉಜ್ಜಿ ನೋಡಿದರೆ ಸಾಕು. ಬಟ್ಟೆಗೆ ಬಣ್ಣ ಹತ್ತಿದರೆ ಮೊದಲ ಪಂಗಡ, ಹತ್ತದಿದ್ದರೆ ಎರಡನೆಯದು, ಬಟ್ಟೆಯೇ ಪ್ಲಾಸ್ಟಿಕ್ಕಿಗೆ ಅಂಟಿಕೊಂಡರೆ ಅದು ಎಬಿಎಸ್.

ಇಷ್ಟು ವಿಚಾರಣೆಗೆ ವ್ಯವಧಾನವಿರುವವರು ಅಪರೂಪ. ಭಾನುವಾರ ಬೆಳಿಗ್ಗೆ ಯಜಮಾನರು ಲುಂಗಿ ಎತ್ತಿ ಕಟ್ಟಿ ಬಂಪರಿನ ಮುಂದೆ ಕುಕ್ಕುರುಗಾಲಿನಲ್ಲಿ ಕೂತರೆ, ಕಾಂಪೌಂಡಿನ ಆಚೆಯಿಂದ ಸಲಹೆಗಳು ಬರತೊಡಗುತ್ತವೆ. ವಾಕಿಂಗ್ ಮುಗಿಸಿ ಬಂದವರೊಬ್ಬರು ಟೂತ್‌ಪೇಸ್ಟ್ ಎನ್ನುತ್ತಾರೆ. ಹಾಲು ತರಲು ಹೊರಟವರು ಕೊಬ್ಬರಿ ಎಣ್ಣೆ ಎನ್ನುತ್ತಾರೆ. ಮಹಡಿಯ ಮೇಲಿನ ಬಾಡಿಗೆದಾರರು ನೇಲ್ ಪಾಲಿಶ್ ರಿಮೂವರನ್ನು ಹತ್ತಿಯ ಸಮೇತ ಕಳಿಸುತ್ತಾರೆ. ಟೂತ್‌ಪೇಸ್ಟಿನಲ್ಲಿ ನಯವಾದ ಸವೆತದ ಪುಡಿ ಇರುವುದರಿಂದ ನುಣುಪು ತುಂಡಿನ ಮೇಲಿನ ಕಲೆಗೆ ಸ್ವಲ್ಪ ಉಪಯೋಗವಿದೆ. ಒರಟು ಪ್ಲಾಸ್ಟಿಕ್ಕಿನ ಮೇಲೆ ಹಚ್ಚಿದರೆ ಸಂದುಗಳಲ್ಲಿ ಬಿಳಿಯಾಗಿ ಒಣಗಿ, ಒಂದು ಬಣ್ಣದ ಬದಲು ಎರಡಾಗುತ್ತವೆ. ಕೊಬ್ಬರಿ ಎಣ್ಣೆ ಬಣ್ಣ ತೆಗೆಯುವುದಿಲ್ಲ, ಸುತ್ತಲಿನ ಕಪ್ಪನ್ನು ಹೊಳೆಯಿಸಿ ಕಲೆಯನ್ನು ಇನ್ನಷ್ಟು ಎತ್ತಿ ತೋರಿಸುತ್ತದೆ. ರಿಮೂವರಿನಲ್ಲಿ ಅಸಿಟೋನ್ ಇದ್ದರೆ, ಅದು ಪಾಲಿಪ್ರೊಪಿಲೀನಿನ ಮೇಲೆ ನಿರುಪದ್ರವಿ, ಎಬಿಎಸ್ ಮೇಲೆ ಸರ್ವನಾಶ. ನೆರೆಹೊರೆಯವರ ಸಲಹೆಗಳಲ್ಲಿ ಯಾವುದೂ ಪೂರ್ತಿ ಸುಳ್ಳಲ್ಲ ಎಂಬುದೇ ಅವುಗಳ ಅಪಾಯ.

ಕೆಲಸದ ಕ್ರಮ ಯಾವಾಗಲೂ ಮೃದುವಿನಿಂದ ಬಿರುಸಿಗೆ. ಮೊದಲು ಸೋಪುನೀರು, ಧೂಳಿನ ಮೇಲೆ ಉಜ್ಜಿದರೆ ಧೂಳೇ ಗೀರುತ್ತದೆ. ನಯವಾದ ಮೇಲ್ಮೈಯ ತರಿಗಳಿಗೆ ಕ್ಲೇ ಬಾರ್ ಒಳ್ಳೆಯದು. ಜಪಾನಿನಲ್ಲಿ ಹುಟ್ಟಿದ ಈ ಜೇಡಿಯನ್ನು ಸೋಪುನೀರು ಚಿಮುಕಿಸಿ ಮೆಲ್ಲಗೆ ಆಡಿಸಿದರೆ, ಮೇಲೆದ್ದ ಕಣಗಳು ಅದಕ್ಕೆ ಕಚ್ಚಿಕೊಂಡು ಬರುತ್ತವೆ. ಒರಟು ತುಂಡಿನ ಮೇಲೆ ಅದು ನಡೆಯದು, ಜೇಡಿಯೇ ಸಂದಿನಲ್ಲಿ ಉಳಿಯುತ್ತದೆ. ಅಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್ಷೇ ಆಯುಧ: ಸ್ಪಿರಿಟ್ಟಿನಲ್ಲೋ ಟರ್ಪೆಂಟೈನಿನಲ್ಲೋ ಅದ್ದಿ, ಅಂಗೈಯಗಲದ ಜಾಗವನ್ನು ಸುತ್ತಿ ಸುತ್ತಿ ಉಜ್ಜಿ, ಮೆತ್ತಗಾದದ್ದನ್ನು ಕೂಡಲೇ ಬಟ್ಟೆಯಿಂದ ಎತ್ತಬೇಕು. ತಡಮಾಡಿದರೆ ಕರಗಿದ ಬಣ್ಣ ಇನ್ನಷ್ಟು ಆಳದ ಸಂದುಗಳಿಗೆ ಇಳಿದು ಕೂರುತ್ತದೆ. ಬಟ್ಟೆಯ ಮುಖ ಬದಲಿಸದೆ ಉಜ್ಜುವವರು ತೆಗೆದ ಬಣ್ಣವನ್ನೇ ಮತ್ತೆ ಬಳಿಯುತ್ತಿರುತ್ತಾರೆ. ಕಂಬದಿಂದ ಬಂದ ಹಳದಿಗೂ ಇದೇ ಉಪಚಾರ. ಬಣ್ಣ ಹೋದ ಮೇಲೆ ಕಾಣುವ ಗೀರು ಪ್ಲಾಸ್ಟಿಕ್ಕಿನದೇ. ಎಷ್ಟು ಉಜ್ಜಿದರೂ ಅದು ಹೋಗುವುದಿಲ್ಲ, ಉಜ್ಜಿದಷ್ಟೂ ಅಗಲವಾಗುತ್ತದೆ.

ಪೂರ್ತಿ ಬಳಿದ ಬಣ್ಣವನ್ನು ಪಾಲಿಪ್ರೊಪಿಲೀನ್ ಬಂಪರಿನಿಂದ ತೆಗೆಯುವಾಗ, ಚಕ್ಕೆ ಎದ್ದ ಅಂಚೇ ಬಾಗಿಲು. ಅಲ್ಲಿಂದ ಪ್ಲಾಸ್ಟಿಕ್ ಕೆರೆಕಡ್ಡಿಯನ್ನು ಅಡ್ಡಡ್ಡ ತೂರಿಸುತ್ತ ಹೋದರೆ ಅಂಗೈಯಷ್ಟು ದೊಡ್ಡ ಹಾಳೆಗಳೇ ಕಳಚಿ ಬರುವುದುಂಟು. ವಾಷಿಂಗ್ ಶೆಡ್ಡಿನ ಪ್ರೆಷರ್ ಗನ್ನಿನ ನೀರನ್ನು ಆ ಅಂಚಿಗೆ ಓರೆಯಾಗಿ ಹಿಡಿದರೆ ಉಳಿದದ್ದರಲ್ಲಿ ಬಹಳಷ್ಟು ಹಾರಿಹೋಗುತ್ತದೆ. ನೀರಿನ ಸದ್ದಿಗೆ ಅಕ್ಕಪಕ್ಕದ ಅಂಗಡಿಯವರೂ ಬಂದು ನಿಂತು ನೋಡುವಷ್ಟು ರೋಚಕವಾದ ಹಂತ ಇದೊಂದೇ. ಇನ್ನೂ ಹಿಡಿದುಕೊಂಡಿರುವ ತೇಪೆಗಳಿಗೆ ಬ್ರೇಕ್ ಆಯಿಲ್. ಅದು ಚೆಲ್ಲಿದರೆ ಬಾನೆಟ್ಟಿನ ಬಣ್ಣ ಏಳುತ್ತದೆಂದು ಮೆಕ್ಯಾನಿಕ್ಕುಗಳು ಹೆದರುತ್ತಾರಲ್ಲ, ಆ ದುರ್ಗುಣವೇ ಇಲ್ಲಿ ಬೇಕಾದದ್ದು. ಡಾಟ್ 3, ಡಾಟ್ 4 ಎಂದು ಬರುವ ಗ್ಲೈಕಾಲ್ ಜಾತಿಯದಕ್ಕೆ ಮಾತ್ರ ಈ ಶಕ್ತಿ. ಸಿಲಿಕೋನಿನ ಡಾಟ್ 5ಕ್ಕಿಲ್ಲ. ಬಿಚ್ಚಿದ ತುಂಡಿಗೆ ಬಳಿದು, ಕೆಲವು ಗಂಟೆ ಬಿಟ್ಟು, ಬ್ರಷ್ಷಿನಿಂದ ಉಜ್ಜಿ, ಸೋಪುನೀರಿನಲ್ಲಿ ತೊಳೆದರೆ ಆಯಿತು. ಇದಕ್ಕೆಲ್ಲ ಬದಲಾಗಿ ಅಂಗಡಿಯ ಪೇಂಟ್ ರಿಮೂವರನ್ನು ಸುರಿಯುವ ಆತುರ ಬೇಡ. ಡೈಕ್ಲೋರೊಮೀಥೇನ್ ಇರುವ ಹಳೆಯ ಬಗೆಯವು ಲೋಹಕ್ಕೆಂದು ಮಾಡಿದವು. ಅವುಗಳ ಆವಿ ಮುಚ್ಚಿದ ಕೋಣೆಯಲ್ಲಿ ಪ್ರಾಣಕ್ಕೇ ಅಪಾಯ. 2019ರಲ್ಲಿ ಅಮೆರಿಕ ಮನೆಬಳಕೆಯ ಬಣ್ಣ ತೆಗೆಯುವ ದ್ರವಗಳಲ್ಲಿ ಅದನ್ನು ನಿಷೇಧಿಸಿತು.

ಎಬಿಎಸ್ ತುಂಡುಗಳ ವಿಷಯದಲ್ಲಿ ಥಿನ್ನರಿನ ಡಬ್ಬಿ ಮುಚ್ಚಿರುವುದೇ ಕ್ಷೇಮ. ಸಿಕ್ಕ ಸಿಕ್ಕ ಥಿನ್ನರುಗಳಲ್ಲಿ ಟಾಲ್ವೀನ್, ಕೀಟೋನ್, ಎಸ್ಟರು ಎಲ್ಲ ಬೆರೆತಿರುತ್ತವೆ, ಇವೆಲ್ಲವೂ ಎಬಿಎಸ್ಸನ್ನು ಮೃದುಮಾಡುತ್ತವೆ. ಸ್ಪಿರಿಟ್ಟಿಗೆ ಹೋಗದ ಬಣ್ಣವನ್ನು ಅಲ್ಲಿ ನೀರು ಹಾಕಿ ವಾಟರ್ ಪೇಪರಿನಿಂದ ಉಜ್ಜಿಯೇ ಇಳಿಸಬೇಕು, ಇಳಿಸಿದ ಮೇಲೆ ಒಪ್ಪುವ ಬಣ್ಣವನ್ನು ಮತ್ತೆ ಹೊಡೆಯಬೇಕು. ಕ್ರೋಮಿನ ಗ್ರಿಲ್ಲೆಂದು ಹೊಳೆಯುವುದೂ ಒಳಗೆ ಎಬಿಎಸ್ಸೇ. ಅದರ ಮೇಲೆ ಬಚ್ಚಲು ತೊಳೆಯುವ ಆಮ್ಲ ಪ್ರಯೋಗಿಸಿದವರಿಗೆ ಬಣ್ಣದ ಜೊತೆ ಕ್ರೋಮಿನಿಂದಲೂ ಬಿಡುಗಡೆ ಸಿಗುತ್ತದೆ. ಪಾಲಿಕಾರ್ಬೊನೇಟಿನ ತೊಂದರೆ ಇನ್ನೂ ಸೂಕ್ಷ್ಮ. ದ್ರಾವಕ ತಾಗಿದ ದಿನ ಏನೂ ಕಾಣುವುದಿಲ್ಲ. ಅಚ್ಚಿನಲ್ಲಿ ಎರಕವಾದಾಗ ಒಳಗೆ ಉಳಿದ ಬಿಗಿತದ ಗೆರೆಗಳಲ್ಲಿ ಆಮೇಲೆ ಕೂದಲೆಳೆಯ ಬಿರುಕುಗಳು ಮೂಡುತ್ತವೆ. ಪಾಲಿಕಾರ್ಬೊನೇಟ್ ಹೆಲ್ಮೆಟ್ಟುಗಳಿಗೆ ಪೆಟ್ರೋಲ್, ಥಿನ್ನರ್, ಬಣ್ಣ ತಾಗಿಸಬಾರದೆಂಬ ಎಚ್ಚರಿಕೆ ಒಳಗೆ ಅಂಟಿಸಿರುವುದು ಇದಕ್ಕೇ. ಹೆಲ್ಮೆಟ್ಟನ್ನೇ ತಲೆಗೆ ಹಾಕದೆ ಕೈಗೆ ಸಿಕ್ಕಿಸಿಕೊಂಡು ಓಡಾಡುವ ಊರಿನಲ್ಲಿ ಆ ಚೀಟಿಯನ್ನು ಓದಿದವರೆಷ್ಟೋ.

ಇನ್ನು ಕಾರ್ಬನ್ ಫೈಬರ್. ಮೊದಲು ಅದು ನಿಜವಾದದ್ದೇ ಎಂದು ನೋಡಬೇಕು. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಮೊಳದ ಲೆಕ್ಕದಲ್ಲಿ ಸಿಗುವ ನೇಯ್ಗೆಯ ಚಿತ್ರದ ಸ್ಟಿಕ್ಕರಿಗೂ ಅದೇ ಹೆಸರು. ಅಂಚಿನಲ್ಲಿ ಉಗುರಿಗೆ ಹಾಳೆ ಸಿಕ್ಕಿದರೆ ಅದು ಪಿವಿಸಿ. ಥಿನ್ನರ್ ಸೋಕಿದರೆ ಚಿತ್ರ ಕಲಸಿಹೋಗುತ್ತದೆ. ನಿಜವಾದದ್ದರಲ್ಲಿ ಐದರಿಂದ ಏಳು ಮೈಕ್ರಾನ್ ದಪ್ಪದ ಸಾವಿರಾರು ಎಳೆಗಳನ್ನು ಒಟ್ಟು ಮಾಡಿ ನೇಯ್ದ ಬಟ್ಟೆ, ಅದನ್ನು ಹಿಡಿದಿಡುವ ಎಪಾಕ್ಸಿ ರಾಳ, ಮೇಲೊಂದು ಪಾರದರ್ಶಕ ಕ್ಲಿಯರ್ ಕೋಟ್ ಇರುತ್ತವೆ. ಬೆಳಕಿಗೆ ಓರೆಯಾಗಿ ಹಿಡಿದರೆ ನೇಯ್ಗೆಯ ಹೊಳಪು ಜಾಗ ಬದಲಿಸುತ್ತದೆ.

ಇಂಗಾಲದ ಎಳೆಗೆ ವಯಸ್ಸು ಬಹಳ. ಎಡಿಸನ್ 1879ರಲ್ಲಿ ತನ್ನ ಬಲ್ಬಿನೊಳಗೆ ಉರಿಸಿದ್ದು ಕರಿಕಾಗಿಸಿದ ಹತ್ತಿಯ ದಾರ, ಆಮೇಲೆ ಬಿದಿರಿನ ಸೀಳು. ಬಲದ ಲೆಕ್ಕಕ್ಕೆ ಬಂದದ್ದು 1958ರಲ್ಲಿ, ಅಮೆರಿಕದ ರಾಜರ್ ಬೇಕನ್ ಅವರಿಂದ. ಜಪಾನಿನ ಅಕಿಯೊ ಶಿಂಡೊ 1961ರ ಹೊತ್ತಿಗೆ ಅಕ್ರಿಲಿಕ್ ನೂಲನ್ನು ಸುಟ್ಟು ತಯಾರಿಸುವ ದಾರಿ ತೋರಿಸಿದರು. ಮೆಕ್ಲಾರೆನ್ ತಂಡ 1981ರಲ್ಲಿ ಇಡೀ ರೇಸ್ ಕಾರಿನ ಒಡಲನ್ನೇ ಇದರಿಂದ ಮಾಡಿದಾಗ, ಗುದ್ದಿದರೆ ಪುಡಿಪುಡಿಯಾಗುತ್ತದೆ ಎಂದವರೇ ಹೆಚ್ಚು. ಅದೇ ವರ್ಷ ಮೋಂಝಾದಲ್ಲಿ ಜಾನ್ ವಾಟ್ಸನ್ ಓಡಿಸುತ್ತಿದ್ದ ಕಾರು ತಡೆಗೋಡೆಗೆ ಬಡಿದು ಎಂಜಿನ್ನೇ ಕಿತ್ತುಹೋಯಿತು, ವಾಟ್ಸನ್ ಎದ್ದು ನಡೆದುಬಂದರು. ಬೆಂಗಳೂರಿನ ಆಕಾಶದಲ್ಲಿ 2001ರ ಜನವರಿ 4ರಂದು ಮೊದಲು ಹಾರಿದ ತೇಜಸ್ ವಿಮಾನದ ಹೊರಮೈಯೂ ಬಹುಪಾಲು ಇದೇ ಬಗೆಯದು. ಇಷ್ಟು ವಂಶಾವಳಿಯ ವಸ್ತು ಕೊನೆಗೆ ಯಾರದೋ ಕಾರಿನ ಕನ್ನಡಿಯ ಟೊಪ್ಪಿಗೆಯಾಗಿ, ಅದರ ಮೇಲೆ ಟಚಪ್ ಮಾಡಲು ಬಂದವನು ಬೆಳ್ಳಿ ಬಣ್ಣ ಹಾರಿಸುವುದು ವಸ್ತುಗಳ ಹಣೆಬರಹ.

ವಿಮಾನದ ಸಂಯುಕ್ತ ಭಾಗಗಳ ಬಣ್ಣ ತೆಗೆಯುವಾಗ ಲೋಹಕ್ಕೆ ಬಳಸುವ ರಾಸಾಯನಿಕ ರಿಮೂವರನ್ನು ಸಾಮಾನ್ಯವಾಗಿ ದೂರವಿಡುತ್ತಾರೆ, ಉಜ್ಜಿಯೇ ತೆಗೆಯುತ್ತಾರೆ. ಕಾರಿಗೂ ಅದೇ ನೀತಿ. ಇಂಗಾಲದ ಎಳೆಗೆ ಆ ದ್ರವಗಳು ಏನೂ ಮಾಡವು. ಸಾಯುವುದು ಎಳೆಗಳನ್ನು ಹಿಡಿದಿಟ್ಟ ರಾಳ. ಹೀಟ್ ಗನ್ನೂ ಬೇಡ: ಅದರ ಬಾಯಲ್ಲಿ ಐನೂರು ಡಿಗ್ರಿಗೂ ಹೆಚ್ಚು ಬಿಸಿ, ಅಲಂಕಾರದ ತುಂಡುಗಳ ಎಪಾಕ್ಸಿ ನೂರರ ಆಸುಪಾಸಿನಲ್ಲೇ, ಕೆಲವು ಅದಕ್ಕೂ ಮೊದಲೇ ಮೆತ್ತಗಾಗುತ್ತವೆ. ತುಂತುರಾಗಿ ಬಿದ್ದ ಬಣ್ಣಕ್ಕೆ ಕ್ಲೇ ಬಾರ್, ಆಮೇಲೆ ಸ್ಪಿರಿಟ್, ಆಮೇಲೆ ಪಾಲಿಶ್. ಪೂರ್ತಿ ಬಳಿದಿದ್ದರೆ 600ರ ವಾಟರ್ ಪೇಪರಿನಿಂದ, ಚಪ್ಪಟೆ ರಬ್ಬರ್ ತುಂಡಿಗೆ ಸುತ್ತಿ, ನೀರು ಹನಿಸುತ್ತ ಉಜ್ಜಬೇಕು. ಕೆಳಗೆ ಇಳಿಯುವ ನೀರೇ ದಾರಿ ಹೇಳುತ್ತದೆ. ನೀರಿಗೆ ಬೇಡದ ಬಣ್ಣವಿರುವತನಕ ಮುಂದುವರಿಯಬಹುದು. ಹಾಲಿನ ಬಿಳುಪು ಕಂಡರೆ ಕ್ಲಿಯರ್ ಕೋಟ್ ಬಂದಿದೆ, 1000ಕ್ಕೂ ಆಮೇಲೆ 2000ಕ್ಕೂ ಬದಲಿಸಿ ಅಲ್ಲಿಗೆ ನಿಲ್ಲಿಸಬೇಕು. ನೀರು ಕಪ್ಪಾದರೆ ಎಳೆಯೇ ಸವೆಯುತ್ತಿದೆ; ಕೆಲಸ ತಡವಾಗಿ ಮುಗಿದಿದೆ ಎಂದು ತಿಳಿಯಬೇಕು. ಸಾಮಾನ್ಯವಾಗಿ ಕ್ಲಿಯರ್ ಕೋಟಿನ ದಪ್ಪ ಐವತ್ತು ಮೈಕ್ರಾನಿನ ಸುತ್ತಮುತ್ತ. ಅಂಚು, ತಿರುವುಗಳಲ್ಲಿ ಅದು ಇನ್ನೂ ತೆಳು, ಕೈಯ ಒತ್ತಡ ಮಾತ್ರ ಅಲ್ಲೇ ಹೆಚ್ಚು. ಆದ್ದರಿಂದ ಅಂಚುಗಳಿಗೆ ಟೇಪ್ ಅಂಟಿಸಿ ಕೊನೆಯಲ್ಲಿ ಬೆರಳ ತುದಿಯಿಂದ ನೋಡಿಕೊಳ್ಳುವುದು ವಾಸಿ. ಒಣ ಉಜ್ಜುವಿಕೆ ಕೂಡದು. ಆ ಧೂಳು ಮೈ ತುರಿಸುತ್ತದೆ, ಗಂಟಲಿಗಿಳಿದರೆ ಕೆಮ್ಮು, ವಿದ್ಯುತ್ತನ್ನೂ ಹರಿಸುತ್ತದೆ. ಮುಖಕ್ಕೆ ಮಾಸ್ಕು, ಕೈಗೆ ಗ್ಲೌಸು ಬೇಕೇ ಬೇಕು.

ಬಣ್ಣ ಹೋದ ಮೇಲಿನ ಮೈಗೂ ಆರೈಕೆ ಬೇಕು. ಕ್ಲಿಯರ್ ಕೋಟ್ ಪೂರ್ತಿ ಸವೆದ ಕಾರ್ಬನ್ ತುಂಡಿಗೆ ಹಾರ್ಡನರ್ ಬೆರೆಸಿದ ಹೊಸ ಕ್ಲಿಯರ್ ಹೊಡೆಸಲೇಬೇಕು. ಬರಿಯ ಎಪಾಕ್ಸಿ ಬಿಸಿಲಿನ ಅತಿನೇರಳೆ ಕಿರಣಗಳಿಗೆ ಹಳದಿಯಾಗಿ ಪುಡಿ ಬಿಡುತ್ತದೆ. ಪಾಲಿಪ್ರೊಪಿಲೀನ್ ಬಂಪರೂ ಬಣ್ಣದ ಅಡಿಯಿಂದ ಹೊರಬಂದಾಗ ಬೂದಿ ಬಡಿದಂತಿರುತ್ತದೆ. ಅದನ್ನು ಮೊದಲು ಕಪ್ಪಾಗಿಸಿದ್ದೂ, ಬಿಸಿಲಿನಿಂದ ಕಾದದ್ದೂ ಅದರೊಳಗೆ ಬೆರೆಸಿದ ಮಸಿಯೇ. ಅಗ್ಗದ ಬಂಪರಿನ ಕಪ್ಪೂ ದುಬಾರಿ ನೇಯ್ಗೆಯ ಕಪ್ಪೂ ಒಂದೇ ಇಂಗಾಲದ್ದು. ಒಂದನ್ನು ಬಣ್ಣ ಬಳಿದು ಮುಚ್ಚುತ್ತಾರೆ, ಇನ್ನೊಂದನ್ನು ನಾಲ್ಕು ಜನ ನೋಡಲೆಂದು ಪಾರದರ್ಶಕವಾಗಿ ಮುಚ್ಚುತ್ತಾರೆ. ಬೂದಿಯಾದ ಬಂಪರಿನ ಮೇಲೆ ಹೀಟ್ ಗನ್ನನ್ನು ದೂರದಿಂದ, ಎಲ್ಲೂ ನಿಲ್ಲಿಸದೆ ಆಡಿಸಿದರೆ ಮೇಲ್ಮೈ ಮತ್ತೆ ಕಪ್ಪಾಗುತ್ತದೆ. ಇದು ಕೆಲವು ತಿಂಗಳ ಮಾತು. ಆಮೇಲೆ ಟ್ರಿಮ್ಮಿಗೆಂದು ಸಿಗುವ ಎಣ್ಣೆ ಹಚ್ಚುತ್ತಿರಬೇಕು. ಒರಟು ಅಚ್ಚು ಪೂರ್ತಿ ಸವೆದುಹೋದ ತುಂಡಿಗೆ ಇದಾವುದೂ ನಡೆಯದು, ಹೊಸದು ತರುವುದೇ ಅಗ್ಗ.

ಥಿನ್ನರ್ ಹೀರಿದ ಬಟ್ಟೆಗಳನ್ನು ಮುದ್ದೆ ಮಾಡಿ ಡಿಕ್ಕಿಯಲ್ಲಿ ತುರುಕಬಾರದು; ಬಯಲಿನಲ್ಲಿ ಹರಡಿ ಒಣಗಿಸಿ ಆಮೇಲೆ ಎಸೆಯಬೇಕು. ಉಳಿದ ದ್ರವವನ್ನು ಚರಂಡಿಗೆ ಸುರಿಯಬಾರದು, ನೀರಿನ ಹಳೆಯ ಬಾಟಲಿಗೂ ತುಂಬಬಾರದು. ಬಾಯಾರಿ ಬಂದವರು ಬಾಟಲಿಯ ಆಕಾರ ನೋಡಿ ಕೈ ಹಾಕುತ್ತಾರೆ. ಅದರದೇ ತಗಡಿನ ಡಬ್ಬಿಯಲ್ಲಿ ಮುಚ್ಚಳ ಬಿಗಿದು, ಮೇಲೆ ದೊಡ್ಡಕ್ಷರದಲ್ಲಿ ಹೆಸರು ಬರೆದು, ಒಲೆಯಿಂದಲೂ ಮಕ್ಕಳಿಂದಲೂ ದೂರ ಇಟ್ಟರೆ ಕೆಲಸ ಮುಗಿಯಿತು.